ಕಪ್ಪು ಕವರ್

9 ಜೂನ್

ಥೈರಾಯ್ಡ್ ಮಾತ್ರೆ ಇವತ್ತೂ ಬರಲಿಲ್ಲ. ಸಪ್ಲೈಯವನಿಗೆ ಬೆಳಿಗ್ಗೆಯಿಂದ ಫೋನೋ ಫೋನು. ನಾಳೆ ಮೇಡಂ, ನಾಳೆ ಮೇಡಂ. ಅವನ ನಾಳೆಗಿಷ್ಟು ಬೆಂಕಿ ಹಾಕ.

ಸಂಜೆ ನೀಲಾಂಬಿಕಕ್ಕ ಬಂದರು, ಹಿಟ್ಟಿನ ಗಿರಣಿಯಲ್ಲಿ ಕೂಲಿ ಮಾಡುವವರು. ಕೆಮ್ಮಿನ ಮಾತ್ರೆ ತಗೊಂಡವರು ಹೋಗಲೇ ಇಲ್ಲ. ಅಂಗಡಿ ಖಾಲಿಯಾಗುವ ತನಕ ಕಂಬ ಹಿಡಿದು ನಿಂತರು. ಆಮೇಲೆ ಪಿಸುಪಿಸು — ಮಗಳು ರಂಜಿತಾಗೆ ಚಿಕ್ಕಂದಿನಿಂದ ಫಿಟ್ಸ್. ಮಾತ್ರೆ ಹಾಸನದಿಂದ ತರುತ್ತಾರಂತೆ. ನಂದು ಜೆನೆರಿಕ್ ಔಷಧಿ ಅಂಗಡಿ, ಅದೇ ಮಾತ್ರೆ ಕಾಲುಭಾಗ ರೇಟಿಗೆ ಇದೆ, ಕೊಣನೂರಲ್ಲೇ ತಗೊಳ್ಳಿ ಎಂದೆ. ಮುಖ ಅರಳಿತು. ಅಷ್ಟೇ ಬೇಗ ಬಾಡಿತು.

"ನಿನ್ ತಾವ ಬ್ಯಾಡ ಕಣವ್ವ. ಈಸ್ವರಯ್ಯೋರು ಬತ್ತಾರೆ."

ರಂಜಿತಾಗೆ ಚನ್ನರಾಯಪಟ್ಟಣದ ಹುಡುಗನ ಜೊತೆ ಮದುವೆ ಗೊತ್ತಾಗಿದೆ. ಈಶ್ವರಯ್ಯ ಆ ಹುಡುಗನ ದೊಡ್ಡಪ್ಪ, ಇರುವುದು ಇಲ್ಲೇ ಕೊಣನೂರಲ್ಲಿ. ಸಕ್ಕರೆ ಕಾಯಿಲೆ, ನನ್ನ ಖಾಯಂ ಗಿರಾಕಿ. ಮಾತ್ರೆ ತಗೊಂಡ ಮೇಲೂ ಬೆಂಚು ಬಿಡದೆ ಬಸ್‌ಸ್ಟ್ಯಾಂಡ್ ನೋಡುತ್ತ ಕೂರುವ ಆಸಾಮಿ.

ಹುಡುಗನ ಕಡೆಯವರಿಗೆ ಹೇಳಿಲ್ಲವಂತೆ. ಹಾಳಾಗಲಿ, ಅದು ಅವರಿಷ್ಟ. ಆದರೆ ದುಡ್ಡು ಸಾಲದೆ ಮಗಳಿಗೆ ಎರಡು ಹೊತ್ತಿನ ಮಾತ್ರೆಯನ್ನು ಒಂದೇ ಹೊತ್ತು ಕೊಟ್ಟು ಸಾಗಿಸುತ್ತಿದ್ದಾರೆ! ಬೈದೆ. ಜೋರಾಗಿಯೇ ಬೈದೆ. ಮೆಲ್ಲಗೆ, ಮೆಲ್ಲಗೆ ಎನ್ನುತ್ತ ಹೊರಟೇಹೋದರು.

12 ಜೂನ್

ತಡೆಯಲಾಗಲಿಲ್ಲ. ರಂಜಿತಾಳ ಡಾಕ್ಟರ್ ಚೀಟಿಯ ಫೋಟೋ ಫೋನಿಗೆ ತರಿಸಿಕೊಂಡೆ. ಮಾತ್ರೆಯನ್ನು ಶಾವಿಗೆ ಡಬ್ಬಿಯೊಳಗಿಟ್ಟು ನಾನೇ ಅವರ ಮನೆಗೆ ಒಯ್ದೆ. ದೊಡ್ಡ ಬುದ್ಧಿವಂತೆ! ಹೊಸಿಲು ದಾಟುವಷ್ಟರಲ್ಲಿ ಪಕ್ಕದ ಮನೆಯವಳು ಹಾಜರ್ — ಮೆಡಿಕಲ್‌ನವರು ಬಂದಿದ್ದಾರೆ, ಯಾರಿಗೆ ಹುಷಾರಿಲ್ಲ? ಈ ಊರಲ್ಲಿ ಸೋಪು ಕೊಂಡರೂ ಯಾರ ಸ್ನಾನಕ್ಕೆ ಅಂತ ಕೇಳುತ್ತಾರೆ.

ಸಂಜೆ — ಡಬ್ಬಿ ವಾಪಸ್. ನನ್ನ ಅಂಗಡಿ ಬಾಗಿಲಲ್ಲಿಟ್ಟು ಹೋಗಿದ್ದಾರೆ. ಶಾವಿಗೆ ಇಲ್ಲ. ಮಾತ್ರೆ ಇದೆ.

2 ಜುಲೈ

ರಂಜಿತಾ ಬಿದ್ದಳು. ಹಾಸನದ ಬಸ್ಸಿನಲ್ಲಿ, ಆ ಹಾಳು ಮಾತ್ರೆ ತರಲು ಹೋಗುವಾಗಲೇ. ಹುಬ್ಬಿಗೆ ಹೊಲಿಗೆ. ಕಾಲು ಜಾರಿತು ಅಂತ ಹೇಳಿಕೊಂಡಿದ್ದಾರೆ. ಈಶ್ವರಯ್ಯ ನನ್ನನ್ನೇ ಕೇಳಿದರು. ಹೂಂ, ಜಾರಿದಳಂತೆ ಎಂದೆ. ಇನ್ನೊಬ್ಬರ ಕಾಯಿಲೆ, ನಾನು ಹೇಗೆ ಹೇಳಲಿ?

ಮಾತ್ರೆ ಇಲ್ಲೇ ಕಪಾಟಿನಲ್ಲಿ ಬಿದ್ದಿದೆ. ಬಡವರಿಗೆ ಅಗ್ಗದ ಔಷಧಿ ಅಂತ ಬೋರ್ಡು ಬೇರೆ. ನನ್ನ ತಲೆ.

8 ಜುಲೈ, ಮಧ್ಯಾಹ್ನ

ಅಂಗಡಿ ಬಾಗಿಲು ಅರ್ಧ ಎಳೆದು ಕೂತಿದ್ದೇನೆ. ಬರೆದುಬಿಡುತ್ತೇನೆ.

ಇವತ್ತು ಸಂತೆ. ಅಂಗಡಿ ಮುಂದೆ ಜನವೋ ಜನ. ಈಶ್ವರಯ್ಯ ಬೆಂಚಿನ ಮೇಲೆ. ರಂಜಿತಾ ಬಂದಳು — ಹುಬ್ಬಿನ ಮೇಲೆ ಪ್ಲಾಸ್ಟರ್, ಕೈಯಲ್ಲಿ ಸೊಪ್ಪಿನ ಬ್ಯಾಗು. ಚೀಟಿ ಮುಂದೆ ಹಿಡಿದಳು.

"ಅಕ್ಕಾ, ನನ್ ಫಿಟ್ಸ್ ಮಾತ್ರೆ. ಎಲ್ಡೊತ್ತಿಂದೂ ಕೊಡಿ."

ನಿಂತಿದ್ದವರೆಲ್ಲ ಅವಳತ್ತ ತಿರುಗಿದರು. ನನಗೆ ಇದೇ ತಾನೇ ಬೇಕಿದ್ದದ್ದು? ಇಷ್ಟು ದಿನ ಹಾರಾಡಿದ್ದು ಇದಕ್ಕೇ ತಾನೇ? ಮಾತ್ರೆ ತೆಗೆದೆ. ನೋಡಿದರೆ ನನ್ನ ಕೈ ತಾನಾಗಿ ಪೇಪರ್ ಹರಿದು, ಸುತ್ತಿ, ಕಪ್ಪು ಕವರಿಗೆ ತುರುಕುತ್ತಿದೆ. ಮುಟ್ಟಿನ ಪ್ಯಾಡಿಗೆ ಸುತ್ತುವ ಹಾಗೆ. ಬಿಪಿ ಮಾತ್ರೆಗೆ, ಸಕ್ಕರೆ ಮಾತ್ರೆಗೆ ಒಂದು ದಿನವೂ ಪೇಪರ್ ಸುತ್ತಿದವಳಲ್ಲ ನಾನು.

"ಸುತ್ಬೇಡಿ ಅಕ್ಕಾ" ಎಂದಳು. ಕವರ್ ಬಿಚ್ಚಿ ನನ್ನ ಕೈಗೇ ಕೊಟ್ಟಳು. ಮಾತ್ರೆಯನ್ನು ಸೊಪ್ಪಿನ ಮೇಲಿಟ್ಟುಕೊಂಡು ಹೋದಳು.

ಈಶ್ವರಯ್ಯ ಎದ್ದು ಬಂದರು. ಅವಳು ಹೋದ ಕಡೆ ನೋಡಲಿಲ್ಲ. ನನ್ನ ಕೈ ನೋಡಿದರು.

"ಅಷ್ಟ್ ಕೆಟ್ಟ ಕಾಯ್ಲೇನವ್ವಾ ಅದು? ನೀನೇ ಮುಚ್ ಕೊಡೋ ಅಂಥದ್ದು?"

ಇಲ್ಲ ಅಂದೆ. ಮಾತ್ರೆ ಬಿಡದೆ ನುಂಗಿದರೆ ಎಲ್ಲರ ಹಾಗೆ ಇರಬಹುದು ಅಂದೆ. ಬಡಬಡ ಹೇಳುತ್ತಲೇ ಇದ್ದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಕವರ್ ಇನ್ನೂ ನನ್ನ ಕೈಯಲ್ಲೇ —