ಮೂರು ಸಲ ಕೂಗಿದ ಹೆಸರು

ವಾಡಿ
ಶನಿವಾರ, ೧೫ ನವೆಂಬರ್ ೨೦೨೫

ಪ್ರೀತಿಯ ತಂಗಿ ಸುವಾರ್ತಾಳಿಗೆ,

ಚರ್ಚಿನ ಕೂಟದ ಸುದ್ದಿಯಷ್ಟನ್ನೇ ಬರೆದು ಮುಗಿಸಬೇಕೆಂದಿದ್ದೆ. ಒಂದು ಸಂಗತಿಯನ್ನು ಇನ್ನೇನು ಬಿಟ್ಟೇಬಿಡುತ್ತಿದ್ದೆ. ನೀನು ತೀರಿಹೋಗಿದ್ದೀ ಎಂದು ಅವ್ವ ನಂಬಿದ್ದಾಳೆ. ಆರು ದಿನವಾಯಿತು.

ಚಿತ್ತಾಪುರದಲ್ಲಿ ನೀನು, ವಿಠೋಬಾ, ಲುಂಬಿನಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪತ್ರಕ್ಕೆ ಮೂರು ತಿಂಗಳು ಉತ್ತರ ಬರೆಯಲಿಲ್ಲ, ಕ್ಷಮಿಸು. ಫೋನು ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಅರ್ಧ ಹೇಳಿ ಮಾತು ತಿರುಗಿಸಿಬಿಡುತ್ತೇನೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನನ್ನ ಕನ್ನಡ ಬೈಬಲಿನ ಕನ್ನಡದ ಹಾಗಿದೆ ಎಂದು ನೀನು ನಗುತ್ತಿದ್ದೆ. ನಗು, ಪರವಾಗಿಲ್ಲ.

ಐದು ವರ್ಷಕ್ಕೊಮ್ಮೆ ನಡೆಯುವ ಹಳಬರ ಕೂಟ ಕಳೆದ ಶನಿವಾರ, ಭಾನುವಾರ ಆಯಿತು. ರೈಲ್ವೆ, ಸಿಮೆಂಟ್ ಕೆಲಸ ಮುಗಿಸಿ ಊರು ಬಿಟ್ಟವರೆಲ್ಲ ಶಹಾಬಾದ್, ಸೊಲ್ಲಾಪುರ, ಸಿಕಂದರಾಬಾದ್‌ಗಳಿಂದ ಬಂದಿದ್ದರು. ಶನಿವಾರ ಹಾಡು, ಸಾಕ್ಷಿ, ಊಟ. ಅಡಿಗೆಗೆ ಕೈಹಚ್ಚಲು ಪಕ್ಕದ ಮನೆಯ ಸುಗರಾಬಿ ಚಾಚಿಯೂ ಬಂದಿದ್ದಳು. ಪ್ರಾರ್ಥನೆ ಮುಗಿಯುವ ಲಕ್ಷಣವೇ ಕಾಣದಿದ್ದಾಗ ಕಿಟಕಿಯಿಂದ ತಲೆ ಹಾಕಿ, "ಸಲೋಮಿ, ನಿಮ್ಮ ಪಾಸ್ಟರಗ ಹೇಳಬೇ, ದೇವರಿಗಿ ಕೇಳಸ್ಯಾದ. ಇಲ್ಲಿ ಅನ್ನ ಮುದ್ದಿ ಆಗಾಕತ್ತದ!" ಎಂದಳು. ಪಾಸ್ಟರೇ ನಕ್ಕು ಆಮೆನ್ ಅಂದರು. ನಾನೂ ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೆಂದು ಆಮೇಲೆ ಲೆಕ್ಕ ಹಾಕಿದೆ.

ಭಾನುವಾರ ಆರಾಧನೆಯ ನಡುವೆ ಹಾಜರಿ. ನಿನಗೆ ನೆನಪಿರಬೇಕು: ಹಳೆಯ ದಫ್ತರಿನಿಂದ ಒಂದೊಂದೇ ಹೆಸರು ಕೂಗುತ್ತಾರೆ. ಇದ್ದವರು ಎದ್ದು "ಅದೀನ್ರಿ" ಅನ್ನಬೇಕು. ಬಾರದವರ ಪರವಾಗಿ ಮನೆಯವರೇ ಎದ್ದು ಎಲ್ಲಿದ್ದಾರೆಂದು ಹೇಳಬೇಕು, ಬೇರೆಯವರು ಹೇಳುವಂತಿಲ್ಲ. ಮೂರು ಸಲ ಕೂಗಿದರೂ ಉತ್ತರ ಬಾರದಿದ್ದರೆ ದೇವರ ಬಳಿಗೆ ಹೋದರೆಂದು ಒಂದು ಸಲ ಗಂಟೆ ಹೊಡೆಯುತ್ತಾರೆ. ನಿನಗೆ ತಿಳಿಯದ ಮಾತೊಂದಿದೆ. ನಿನ್ನ ಮದುವೆಯಾದ ಮೇಲೆ ಪ್ರತಿ ಕೂಟದಲ್ಲೂ ನಿನ್ನ ಹೆಸರಿಗೆ ಅಪ್ಪ ಎದ್ದು "ಚಿತ್ತಾಪುರದಾಗ ಅದಾಳ್ರಿ, ಸುಖ ಅದಾಳ" ಅನ್ನುತ್ತಿದ್ದ. ಆ ಮದುವೆ ಒಪ್ಪದೆ ನಿನ್ನ ಹೊಸ್ತಿಲು ತುಳಿಯದ ಅದೇ ಅಪ್ಪ.

ಈ ಸಲ ಎದ್ದು ಹೇಳಲು ಅಪ್ಪ ಬದುಕಿರಲಿಲ್ಲ. ಹೆಸರು ಕೂಗಿದವರು ಸೊಲ್ಲಾಪುರದಿಂದ ಬಂದ ದೇವಿಂದ್ರ ಮಾಸ್ತರ್. ಬೆಳಗಿನ ನಾಲ್ಕರಿಂದ ನಿಂತೇ ಇದ್ದ ನನಗೆ ಕುಳಿತಲ್ಲೇ ಜೊಂಪು ಹತ್ತಿತ್ತು. ನಿನ್ನ ಹೆಸರಿಗೆ ಯಾರೂ ಏಳಲಿಲ್ಲ. ಗಂಟೆ ಹೊಡೆದರು.

ಅವ್ವ ನನ್ನ ಕೈ ಹಿಡಿದು, "ಸುವಾರ್ತಾ ಹೋದ್ಳಾ? ಮಣ್ಣು ಕೊಡಾಕ ನನ್ನ ಯಾಕ ಕರಕೊಂಡು ಹೋಗ್ಲಿಲ್ಲ?" ಎಂದು ಅತ್ತಳು. ಆರಾಧನೆ ಮುಗಿದ ಮೇಲೆ ಮಾಸ್ತರರಿಗೆ, ತಂಗಿ ಬದುಕಿದ್ದಾಳೆ ಎಂದು ಹೇಳಿದೆ. "ಅಯ್ಯ ತಾಯಿ, ಆಗ ಯಾಕ ಬಾಯಿ ತಗೀಲಿಲ್ಲಬೇ?" ಎಂದು ದಫ್ತರಿನಲ್ಲಿ ನಿನ್ನ ಹೆಸರಿಗೆ ಹಾಕಿದ್ದ ಗುರುತನ್ನು ಅಳಿಸಿದರು.

ಬೆಳಿಗ್ಗೆ ತಿಂದ ಉಪ್ಪಿಟ್ಟನ್ನು ಮಧ್ಯಾಹ್ನಕ್ಕೆ ಮರೆಯುವ ಅವ್ವ ಆ ಗಂಟೆಯನ್ನು ಮರೆಯುತ್ತಿಲ್ಲ. ಸುವಾರ್ತಾ ಇದ್ದಾಳೆ ಎಂದರೆ, "ಸುಳ್ಳ ಹೇಳಬ್ಯಾಡ, ನನ್ನ ಕಿವಿ ಇನ್ನಾ ಹೋಗಿಲ್ಲ" ಅನ್ನುತ್ತಾಳೆ. ನಿನ್ನ ಹೊಸ ಫೋಟೊ ತೋರಿಸಿದೆ. "ಫೋಟೋದಾಗ ನಿಮ್ಮಪ್ಪನೂ ನಗಾಕತ್ತಾನ" ಎಂದಳು. ಫೋನಿನ ದನಿಯನ್ನು ಗುರುತಿಸುವುದನ್ನು ಎಂದೋ ಬಿಟ್ಟಿದ್ದಾಳೆ. ಬುಧವಾರದಿಂದ ಗಂಜಿ ಬಿಟ್ಟು ಏನನ್ನೂ ತಿಂದಿಲ್ಲ. ನೀನೇ ಬಂದು ಅವಳ ಮುಂದೆ ಕುಳಿತುಕೊಳ್ಳಬೇಕು. ಬೇರೆ ದಾರಿ ನನಗೆ ತೋಚುತ್ತಿಲ್ಲ.

ಲುಂಬಿನಿಗೆ ದೊಡ್ಡಮ್ಮನ ಮುತ್ತು. ನಿಮ್ಮ ಮನೆ ತಂಪಾಗಿರಲಿ.

ನಿನ್ನ ಅಕ್ಕ,
ಸಲೋಮಿ

ಮರೆತ ಮಾತು: ಮರೆತದ್ದಲ್ಲ. ಜೊಂಪು ಹತ್ತಿತ್ತು ಎಂದು ಬರೆದದ್ದು ಸುಳ್ಳು. ಮೊದಲು ನನ್ನ ಹೆಸರು ಕೂಗಿದರು, ನಾನು ಎದ್ದು ನಿಂತೆ. ಅವ್ವ ನನ್ನನ್ನೇ ದಿಟ್ಟಿಸಿ ಪಕ್ಕದವರಿಗೆ, "ಈಕಿ ಯಾರ ಮನಿ ಹೆಣ್ಣಮಗಳು? ಭಾಳ ಸೊರಗ್ಯಾಳ ಪಾಪ" ಎಂದಳು. ಒಂಬತ್ತು ವರ್ಷದಿಂದ ಅವಳ ತಲೆ ಬಾಚುವವಳು ನಾನು. ಮರುಕ್ಷಣವೇ ನಿನ್ನ ಹೆಸರು ಬಂತು. ಅವ್ವ ಮುಖವೆತ್ತಿ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, "ನನ್ನ ಮಗಳು" ಎಂದಳು. ನಿನ್ನ ಹೆಸರು ಕೂಗಿದ್ದು ಮೂರು ಸಲವೂ ನನಗೆ ಕೇಳಿಸಿತು, ಸುವಾರ್ತಾ. ನಾನು ಬೇಕೆಂದೇ ಏಳಲಿಲ್ಲ.

ಇದನ್ನು ಓದಿದ ಮೇಲೆ ನನ್ನ ಮುಖ ನೋಡುವುದು ನಿನಗೆ ಬೇಡವೆನಿಸಬಹುದು. ನೀನು ಬರುವ ದಿನ ತಿಳಿಸಿದರೆ ನಾನು ಚಾಚಿಯ ಮನೆಯಲ್ಲಿರುತ್ತೇನೆ. ನಾಳೆ ಭಾನುವಾರ, ಈ ಹಾಳೆಯನ್ನು ಹರಿದುಹಾಕಲು ಇಡೀ ಒಂದು ದಿನವಿದೆ. ಹರಿಯುವುದಿಲ್ಲ. ಅಂಚೆಗೆ ಹಾಕುವುದು ಸೋಮವಾರ, ೧೭ ನವೆಂಬರ್.