ಮುಳ್ಳು ಬಿರುಗಾಳಿಗೆ ಬಂದಾಗ

ಸಕಲೇಶಪುರದ ಆಚೆಯ ಕಾಫಿ ಎಸ್ಟೇಟಿನಿಂದ,
೧೯೦೩ನೇ ಇಸವಿ, ಡಿಸೆಂಬರ್ ೩

ಪ್ರೀತಿಯ ಅಮ್ಮ,

ಬೇರೆ ಸಮಾಚಾರಕ್ಕೆ ಮೊದಲು ಇದು: ಇಲ್ಲಿ ಬಿರುಗಾಳಿ ಇಲ್ಲ. ಕಣದಲ್ಲಿ ಕಾಫಿ ಒಣಗುತ್ತಿದೆ, ಮೋಡದ ಸುಳಿವೂ ಇಲ್ಲ. ತಂಗಿ ವೆರೋನಿಕಾ, ಕಾಗದ ಓದುವವಳು ನೀನೇ ಅಲ್ಲವೇ, ಮುಂದಕ್ಕೆ ಹೋಗುವ ಮೊದಲು ಈ ಸಾಲನ್ನು ಅಮ್ಮನಿಗೆ ಇನ್ನೊಮ್ಮೆ ಓದಿ ಹೇಳು.

‘ಕ್ರಿಸ್ಮಸ್ಸಿಗೆ ನಾನು ಮೇಲೆ ಬರುವುದಿಲ್ಲ, ನೀನೇ ಕೆಲಸ ಬಿಟ್ಟು ಮಂಗಳೂರಿಗೆ ಇಳಿದು ಬಾ’ ಎಂದು ಬರೆಸಿದ್ದೀಯ. ನಾನು ಜೊತೆಗೆ ತಂದ ಅಪ್ಪನ ಬ್ಯಾರೋಮೀಟರಿನ ಮುಳ್ಳು ಇಲ್ಲಿ ಸದಾ ‘ಬಿರುಗಾಳಿ’ ಎಂದು ಬರೆದ ಜಾಗವನ್ನೂ ದಾಟಿ ನಿಂತಿರುತ್ತದೆ ಎಂದು ಕಳೆದ ತಿಂಗಳು ತಮಾಷೆಗೆ ಬರೆದಿದ್ದೆ. ನಿನಗೆ ಅದು ತಮಾಷೆಯಾಗದು ಎಂದು ನನಗೆ ಹೊಳೆಯಬೇಕಿತ್ತು. ಅಪ್ಪ ಕೊನೆಯ ಸಲ ಸರಕಿನ ಮಂಜಿ ಹತ್ತಿ ಕಡಲಿಗೆ ಹೋದಾಗ, ಹತ್ತಿರದ ಪ್ರಯಾಣವೆಂದು ಅದನ್ನು ಗೋಡೆಯಲ್ಲೇ ಬಿಟ್ಟುಹೋಗಿದ್ದರು. ಮುಳ್ಳು ಇಳಿಯುತ್ತಾ ಹೋದದ್ದನ್ನು ನೋಡಿದವಳು ನೀನೊಬ್ಬಳೇ. ಅವರು ಮರಳಲಿಲ್ಲ. ಆ ಮುಳ್ಳನ್ನು ನೀನು ಜಪಸರದಷ್ಟೇ ನಂಬುತ್ತೀಯ ಎಂದು ನನಗೆ ಗೊತ್ತು.

ಆದರೂ ಕೇಳು. ನಾನು ಕಾಲೇಜಿನಲ್ಲಿ ಕಲಿತದ್ದು ಕಾವ್ಯ, ನಾಟಕ. ಇದು ನಮ್ಮ ಧಣಿ ಎಲಿಯಾಸರ ಕಪಾಟಿನ ಪುಸ್ತಕದಿಂದ ಬಂದ ಬುದ್ಧಿ. ಗಾಳಿಯೂ ಒಂದು ಸಮುದ್ರ, ಅಮ್ಮ. ನೀವು ಅದರ ತಳದಲ್ಲಿದ್ದೀರಿ. ಬ್ಯಾರೋಮೀಟರು ಅಳೆಯುವುದು ತನ್ನ ಮೇಲೆ ಕುಳಿತ ಗಾಳಿಯ ಭಾರವನ್ನು, ಅಷ್ಟೆ. ಬಿರುಗಾಳಿ ಬರುವಾಗ ಆ ಭಾರ ಕಡಿಮೆಯಾಗುತ್ತದೆ. ಬೆಟ್ಟ ಹತ್ತಿದರೂ ಕಡಿಮೆಯಾಗುತ್ತದೆ, ಏಕೆಂದರೆ ಗಾಳಿಯ ಒಂದು ಪಾಲು ನಮ್ಮ ಕೆಳಗೇ ಉಳಿದುಬಿಡುತ್ತದೆ. ಪಾಪ, ಯಂತ್ರಕ್ಕೆ ಇವೆರಡರ ವ್ಯತ್ಯಾಸ ತಿಳಿಯದು. ಅಪ್ಪ ಅದನ್ನು ಕಡಲ ದಡಕ್ಕೆ ಹೊಂದಿಸಿದ್ದರು. ಯಾರಾದರೂ ಅದನ್ನು ಘಾಟಿ ಹತ್ತಿಸುತ್ತಾರೆಂದು ಅವರೇನು ಕನಸು ಕಂಡಿದ್ದರೇ?

ಸೂರ್ಯನಿಗೆ ಅಷ್ಟು ಹತ್ತಿರ ಹೋದವನು ಕಂಬಳಿ ಏಕೆ ಕೇಳುತ್ತಾನೆ ಎಂದೂ ಕೇಳಿದ್ದೀಯ. ಬಿಸಿಲು ಗಾಳಿಯನ್ನು ಹೆಚ್ಚು ಮುಟ್ಟದೆ ಹಾದು ನೆಲಕ್ಕೆ ಬೀಳುತ್ತದಂತೆ. ಮೊದಲು ಕಾಯುವುದು ನೆಲ. ನೆಲದಿಂದ ಗಾಳಿ ಕಾಯುತ್ತದೆ. ಕಾದ ಗಾಳಿ ಹಗುರಾಗಿ ಏರುತ್ತದೆ, ಏರಿದಂತೆ ಹರಡಿಕೊಂಡು ತಣ್ಣಗಾಗುತ್ತದೆ. ಬಾವಿಕಟ್ಟೆಯ ಬಳಿ ನೀನು ಹರವಿದ ಸೀರೆಯನ್ನು ಅಲ್ಲಾಡಿಸಿದ ಕಡಲಗಾಳಿಯೇ ಮಳೆಗಾಲದಲ್ಲಿ ಇಲ್ಲಿಗೆ ಹತ್ತಿ ಬಂದು ಮಂಜಾಗಿ ನನ್ನ ಕಿಟಕಿಗೆ ಒರಗುತ್ತಿತ್ತು. ಜುಲೈ ತಿಂಗಳಿಡೀ ಕಿಟಕಿ ತೆರೆದು ಅದರಲ್ಲಿ ನಮ್ಮ ಮನೆಯ ವಾಸನೆ ಹುಡುಕಿದೆ. ಸಿಕ್ಕಿದ್ದು ನೆಗಡಿ.

ಈಗ ಚಳಿಗಾಲದ ಬೆಳಗ್ಗೆ ಇನ್ನೊಂದು ವಿಚಿತ್ರ ನೋಡುತ್ತೇನೆ. ಕೆಳಗೆ ಆಳುಗಳ ಸಾಲುಮನೆಗಳ ಲೈನಿನಿಂದ ಒಲೆಯ ಹೊಗೆ ನೇರ ಏರಿ, ಹಲಸಿನ ಮರದ ತುದಿಗೆ ಬಂದು, ಚಾವಣಿಗೆ ತಾಗಿದಂತೆ ಚಪ್ಪಟೆಯಾಗಿ ಹರಡುತ್ತದೆ. ರಾತ್ರಿ ನೆಲ ತನ್ನ ಬಿಸಿಯನ್ನು ಕಳೆದುಕೊಳ್ಳುವುದರಿಂದ ತಣ್ಣನೆಯ ಭಾರದ ಗಾಳಿ ಕಣಿವೆಯಲ್ಲಿ ನಿಂತಿರುತ್ತದೆ, ಬೆಚ್ಚಗಿನ ಗಾಳಿ ಅದರ ಮೇಲೆ ಮುಚ್ಚಳದಂತೆ ಕೂತಿರುತ್ತದೆ. ಬಿಸಿಲೇರಿದ ಮೇಲೆಯೇ ಆ ಮುಚ್ಚಳ ತೆರೆಯುವುದು. ಅಲ್ಲಿಯವರೆಗೆ ಲೈನಿನ ಮಾತು, ನಗು, ಮಕ್ಕಳ ಅಳು ಎಲ್ಲವೂ ನನ್ನ ಕೋಣೆಗೆ ಪಕ್ಕದಲ್ಲೇ ಆದಂತೆ ಕೇಳುತ್ತದೆ. ಲೆಕ್ಕ ಬರೆಯುವ ನಾನು ಹತ್ತಿರ ಹೋದರೆ ಮಾತ್ರ ನಿಲ್ಲುತ್ತದೆ. ಹಣ್ಣು ಕೊಯ್ಯುವ ಕೆಂಚಮ್ಮ ನಿನ್ನೆ, “ಸುಮ್ಕಿರ್ರೇ, ರೈಟ್ರು ಬಂದ್ರು. ನಮ್ ಮಾತು ಕೇಳಿದ್ರೆ ಪಾಪ, ಕಾಫಿ ಹಣ್ಣಿನಂಗೆ ಕೆಂಪಾಗ್ಬುಡ್ತಾರೆ” ಎಂದಳು. ನಾನು ಕೆಂಪಾದೆ.

ಬ್ಯಾರೋಮೀಟರಂತೂ ಎಲ್ಲರಿಗೂ ನಗೆಪಾಟಲು. ಬಂಡಿ ಹೊಡೆಯುವ ಲಕ್ಕಪ್ಪ, “ಅಲ್ಲ ಕಣ್ರೀ, ಬಿಸ್ಲು ಹಿಂಗೆ ಸುಡ್ತಾ ಐತೆ, ನಿಮ್ ಡಬ್ಬ ಬಿರುಗಾಳಿ ಅಂತೈತೆ! ನಮ್ಮೂರ ಶ್ಯಾನುಭೋಗ್ರೂ ಇಷ್ಟ್ ಸುಳ್ಳು ಹೇಳಕಿಲ್ಲ” ಎನ್ನುತ್ತಾನೆ. ಎಲಿಯಾಸರು ನಿನ್ನ ಕಾಗದದ ವಿಷಯ ಕೇಳಿ, “ಹಿಂದುಗಡೆ ಒಂದು ತಿರುಪು ಉಂಟಲ್ಲ ಮಾರಾಯ, ಸ್ವಲ್ಪ ತಿರುಗಿಸು. ಮುಳ್ಳೂ ಒಳ್ಳೆ ಹವೆಗೆ ಬರ್ತದೆ, ನಿನ್ನ ಅಮ್ಮನೂ ಬರ್ತಾರೆ” ಎಂದರು. ಅದನ್ನು ಬೋರಲು ಹಾಕಿಕೊಂಡು ಕೂತೆ. ತಿರುಪಿನ ಪಕ್ಕ ಹಿತ್ತಾಳೆಯ ಮೇಲೆ ಒಂದು ಗೀರು ಇದೆ. ಅಪ್ಪನ ಕೈ ಜಾರಿದ ಗುರುತು ಇರಬೇಕು. ಅವರು ನಿಲ್ಲಿಸಿದ್ದನ್ನು ಕದಲಿಸಲು ಮನಸ್ಸು ಬರಲಿಲ್ಲ.

ಧಣಿಗಳಿಗೆ ಬರುವ ಪತ್ರಿಕೆಯಲ್ಲಿ ಓದಿದೆ: ಫ್ರಾನ್ಸಿನಲ್ಲಿ ಯಾರೂ ಕೂರದ ಬಲೂನುಗಳಿಗೆ ಉಷ್ಣಮಾಪಕ ಕಟ್ಟಿ ಹಾರಿಸಿದ್ದಾರೆ. ಏಳು ಮೈಲಿಯಷ್ಟು ಎತ್ತರದವರೆಗೆ ಚಳಿ ಹೆಚ್ಚುತ್ತಾ ಹೋಗಿ, ಆಮೇಲೆ ಹೆಚ್ಚುವುದೇ ಇಲ್ಲವಂತೆ. ಅಲ್ಲಿಂದಾಚೆ ಗಾಳಿಯದೇ ಬೇರೊಂದು ಪದರ. ಚಳಿಗೂ ಒಂದು ಕೊನೆ ಇದೆ ಎಂದು ತಿಳಿದು ನನಗೇಕೋ ಸಮಾಧಾನವಾಯಿತು.

ಈ ಕಾಗದದ ಜೊತೆ ಬ್ಯಾರೋಮೀಟರನ್ನೂ ಲಕ್ಕಪ್ಪನ ಕೈಲಿ ಕಳಿಸುತ್ತಿದ್ದೇನೆ. ಕಾಫಿ ಮೂಟೆಗಳ ಜೊತೆ ಅದೂ ಮಂಗಳೂರಿಗೆ ಇಳಿಯುತ್ತದೆ. ಗೋಡೆಯ ಹಳೆಯ ಮೊಳೆಗೆ ತೂಗುಹಾಕು. ಯಾರೂ ಮುಟ್ಟದಿದ್ದರೂ ಮುಳ್ಳು ಎಂದಿನ ಜಾಗಕ್ಕೆ ಬಂದಿರುತ್ತದೆ. ಆಗಲಾದರೂ ನಂಬುತ್ತೀಯಲ್ಲ? ಬಂಡಿ ಖಾಲಿಯಾಗಿ ಹಿಂತಿರುಗುತ್ತದೆ. ಅದರಲ್ಲೇ ನೀವಿಬ್ಬರೂ ಬನ್ನಿ, ಬ್ಯಾರೋಮೀಟರನ್ನೂ ತನ್ನಿ. ಬರಲಾಗದಿದ್ದರೆ ಚಿಂತೆಯಿಲ್ಲ. ಕೆಲಸ ಒಗ್ಗಿದೆ, ಊಟ ಚೆನ್ನಾಗಿದೆ, ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ನಿನ್ನ ಮಗ,
ಕ್ಯಾಸ್ಮಿರ್

ಮತ್ತೆ ಸೇರಿಸಿದ್ದು: ಪೆನ್ಸಿಲಿನ ಬರಹಕ್ಕೆ ಬೇಸರಿಸಬೇಡ. ಇದನ್ನು ಘಾಟಿಯ ಅರ್ಧದಾರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎಸ್ಟೇಟಿನ ಗೇಟಿನವರೆಗೆ ಕಳಿಸಿಬರಲು ಬಂಡಿ ಹತ್ತಿದವನು, ಬ್ಯಾರೋಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಇಲ್ಲಿಯವರೆಗೆ ಬಂದುಬಿಟ್ಟೆ. ಬಂಡಿ ಇಳಿದಂತೆ ಮುಳ್ಳು ಏರುತ್ತಿತ್ತು, ಅದನ್ನು ಬಿಟ್ಟು ಬಂಡಿಯಿಂದ ಇಳಿಯಲು ಆಗಲಿಲ್ಲ. ಈಗಷ್ಟೇ ‘ಬಿರುಗಾಳಿ’ಯನ್ನು ದಾಟಿತು. ಸೆಕೆಯೂ ಶುರುವಾಗಿದೆ, ನಮ್ಮೂರಿನ ಸೆಕೆ. ಲಕ್ಕಪ್ಪ ಎತ್ತುಗಳಿಗೆ ನೀರು ಕುಡಿಸಿ, “ಅಮ್ಮನ್ನ ನೋಡಂಗಾಗೈತೆ ಅಂತ ಬಾಯ್ಬಿಟ್ಟು ಹೇಳ್ರೀ ರೈಟ್ರೇ, ನೀವೊಬ್ರು ಎತ್ತಿಗೆ ಭಾರ್ವಾ?” ಎನ್ನುತ್ತಿದ್ದಾನೆ. ಇಲ್ಲೇ ಇಳಿದು ಹಿಂದಕ್ಕೆ ನಡೆಯುತ್ತೇನೆ. ಮನೆಯವರೆಗೆ ಬಂದರೆ ಮತ್ತೆ ಹತ್ತಲಾರೆ.

ಅಮ್ಮ, ಬರುವಾಗ ಅದನ್ನು ನಿನ್ನ ತೊಡೆಯ ಮೇಲಿಟ್ಟುಕೋ. ಮುಳ್ಳು ಇಳಿಯುತ್ತಾ ಹೋಗುತ್ತದೆ. ಬಿರುಗಾಳಿ ಎಂದು ಬರೆದಲ್ಲಿಗೆ ಬಂದಾಗ ಹೆದರಬೇಡ. ಆಗ ನಾನು ಹತ್ತಿರದಲ್ಲೇ ಇರುತ್ತೇನೆ.