ಮೂರನೆಯ ಕುರ್ಚಿಯಲ್ಲಿ ಕೂತವರು

ಗುರುವಾರ, ಬೆಳಗಿನ ಕೆಲಸ ಶುರುವಾಗುವ ಮೊದಲು

ನಮ್ಮನೆ ವಕೀಲಮ್ಮನಿಗೆ,

ದೊಡ್ಡಮ್ಮನ ತುಂಬು ಮನಸ್ಸಿನ ಹಾರೈಕೆ. ನೀನು ಚೆನ್ನಾಗಿರಬೇಕು, ಹೊತ್ತಿಗೆ ಸರಿಯಾಗಿ ಉಣ್ಣುತ್ತಿರಬೇಕು. ಫೋನಿನಲ್ಲಿ ಮಾತಾಡಬಹುದಿತ್ತಲ್ಲ, ಕಾಗದ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಸಮಾಧಾನ ಮಾಡಲು ಹೋಗಿ ಹೇಳಬೇಕಾದದ್ದನ್ನೇ ನುಂಗಿಬಿಡುತ್ತೇನೆ. ಕಾಗದದಲ್ಲಿ ಆ ತಾಪತ್ರಯವಿಲ್ಲ.

ಮೊದಲು ನಿನ್ನ ಹೆದರಿಕೆ ಕಳೆಯುತ್ತೇನೆ. ಆ ಮಧ್ಯಸ್ಥಿಕೆಯ ತೀರ್ಪನ್ನು ರದ್ದು ಮಾಡಿ ಎಂದು ನ್ಯಾಯಾಲಯಕ್ಕೆ ಅರ್ಜಿ ಹಾಕಲು ನಾಳೆ ಶುಕ್ರವಾರ ಕೊನೆಯ ದಿನ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಅದು ಕಳೆದಿರುತ್ತದೆ. ಹಾಗಾಗಿ ನಿನ್ನನ್ನು ಬೇಡಿಕೊಳ್ಳಲು ಕೂತಿದ್ದೇನೆ ಅಂದುಕೊಳ್ಳಬೇಡ. ಮೂರು ಜನ ತೀರ್ಪುಗಾರರಲ್ಲಿ ಮೂರನೆಯವರಾಗಿ ನಡುವಿನ ಕುರ್ಚಿಯಲ್ಲಿ ಕೂತಿದ್ದ ಅಧ್ಯಕ್ಷರು, ನಮ್ಮ ನೂಲು ಕೊಂಡವರ ಕಂಪನಿಗೆ ಹಳೆಯ ಬಳಕೆಯವರು ಎಂಬುದು ನಿನಗೆ ಮೊದಲೇ ಗೊತ್ತಿತ್ತು. ಗೊತ್ತಿತ್ತು ಎಂಬುದು ಈಗ ನನಗೆ ಗೊತ್ತಾಗಿದೆ. ಅದನ್ನು ನಿನಗೆ ತಿಳಿಸಬೇಕಿತ್ತು.

ಅಮ್ಮನನ್ನು ಬೈಯಬೇಡ. ಅವಳ ಹೊಟ್ಟೆಯಲ್ಲಿ ಒಂದು ಮಾತು ಎಷ್ಟು ದಿನ ನಿಲ್ಲುತ್ತದೆ ಎಂದು ನಿನಗೆ ಗೊತ್ತು. ಬಟಾಣಿ ಸುಲಿಯುತ್ತಾ ಕೂತಿದ್ದೆವು. ‘ಅಕ್ಕಾ, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬಾರ್ದು’ ಅಂದಳು. ‘ತಪ್ಪು ಹೇಳೋಕ್ ಮುಂಚೆನೇ ಜಾಮೀನು ಕೇಳ್ತಿದೀಯಲ್ಲೇ’ ಅಂದೆ. ನಗುತ್ತಾಳೆ ಅಂದುಕೊಂಡೆ. ಅವಳು ಬಟಾಣಿಯನ್ನು ತಟ್ಟೆಗೆ ಹಾಕುವ ಬದಲು ಸಿಪ್ಪೆಯ ರಾಶಿಗೆ ಹಾಕುತ್ತಿದ್ದಳು. ‘ತೀರ್ಪು ಬಂದ ವಾರ ಮಗು ಬಂದಿದ್ದಳಲ್ಲ, ಬಾಗಿಲು ಹಾಕ್ಕೊಂಡು ಅತ್ತಳು ಕಣಕ್ಕಾ. ಆ ಅಧ್ಯಕ್ಷರನ್ನ ಆ ಕಂಪನಿಯೋರು ತಮ್ಮ ಕೇಸಿಗೆಲ್ಲ ಕರೆಸ್ಕೊಳ್ತಾರೆ, ನಮ್ಮ ಆಫೀಸಿಂದಲೇ ಕಾಗದ ಹೋಗೋದು, ನಾನೇ ಜೋಡಿಸಿ ಕಳಿಸಿದೀನಿ, ಒಂದಲ್ಲ ಎರಡಲ್ಲ ಅಂದ್ಲು’ ಎಂದಳು. ನಾನು ಎದ್ದು ಕೈ ತೊಳೆದುಕೊಂಡೆ. ಕೈಯಲ್ಲಿ ಕೊಳೆಯೇನೂ ಇರಲಿಲ್ಲ.

ಆ ಕಂಪನಿ ನಿಮ್ಮ ಆಫೀಸಿನ ಕಕ್ಷಿದಾರರಾದರೂ ಈ ಕೇಸು ನಿಮ್ಮ ಆಫೀಸಿನದಲ್ಲ, ಸರಿ. ನೀನು ಇದನ್ನು ದೂರದಿಂದ, ತುಂಡು ತುಂಡಾಗಿ ಕೇಳಿದವಳು. ಬಣ್ಣದ ಕೊಪ್ಪರಿಗೆಯ ಪಕ್ಕ ನಿಂತವರಿಗೆ ಅದು ಹೇಗೆ ಕಂಡಿತು ಎಂದು ಒಂದು ಸಲ ಪೂರ್ತಿ ಹೇಳಿಬಿಡುತ್ತೇನೆ.

ನೂಲು ಕೊಳ್ಳುವವರು ಮಾದರಿಗೆಂದು ಕಳಿಸಿದ್ದು ಬೆರಳುದ್ದದ ಒಂದು ನೂಲಿನ ಲಡಿ, ಇಟ್ಟಿಗೆ ಕೆಂಪು. ಅದಕ್ಕೆ ಹೊಂದುವ ಬಣ್ಣ ಕೂಡಿಸಲು ನಮ್ಮ ಮೇಸ್ತ್ರಿ ಎಷ್ಟು ಸಲ ಬಣ್ಣ ಕುದಿಸಿ ಇಳಿಸಿದನೋ. ಕೊಳ್ಳುವವರ ಮನುಷ್ಯ ತಾನೇ ಬಂದ, ಮಹಡಿಯ ಮೇಲೆ ನೀನು ಕೂತು ಓದುತ್ತಿದ್ದೆಯಲ್ಲ, ಆ ಉತ್ತರ ದಿಕ್ಕಿನ ಕಿಟಕಿಯ ಹತ್ತಿರ ಎರಡನ್ನೂ ಹಿಡಿದು ನೋಡಿದ, ಚೀಟಿಗೆ ಸಹಿ ಹಾಕಿದ. ನಮ್ಮ ಅದೇ ನೂಲು ಅಂಗಡಿಯ ದೀಪದಲ್ಲಿ ಸ್ವಲ್ಪ ಕಂದಿದ ಹಾಗೆ ಕಾಣುತ್ತದೆ, ಅವರ ಲಡಿ ಹಾಗೆ ಕಾಣುವುದಿಲ್ಲ. ಬೇರೆ ಬೇರೆ ಬಣ್ಣ ಬೆರೆಸಿ ಒಂದೇ ಕೆಂಪು ತಂದರೆ ಹಾಗೆ ಆಗುವುದುಂಟು. ಬಣ್ಣದವರಿಗೆಲ್ಲ ಗೊತ್ತಿರುವ ಮಾತು. ಅದಕ್ಕೇ ನಾವು ಬಣ್ಣವನ್ನು ನೋಡುವುದು ಹಗಲಿನ ಬೆಳಕಿನಲ್ಲಿ, ಬಿಸಿಲು ಬೀಳದ ಕಿಟಕಿಯಲ್ಲಿ ಮಾತ್ರ. ಕರಾರಿನಲ್ಲಿ ‘ಮಾದರಿಗೆ ಹೊಂದಬೇಕು’ ಎಂದು ಬರೆದೆವು, ಯಾವ ಬೆಳಕಿನಲ್ಲಿ ಎಂದು ಬರೆಯಲಿಲ್ಲ. ಆಮೇಲೆ ನಮ್ಮ ವಕೀಲರು ಯಾಕೆ ಬರೆಯಲಿಲ್ಲ ಎಂದು ತಲೆ ಚಚ್ಚಿಕೊಂಡಾಗ ಮೇಸ್ತ್ರಿ ಹೇಳಿದ: ‘ಸ್ವಾಮಿ, ಊಟ ಬಾಯಲ್ಲೇ ಮಾಡಬೇಕು ಅಂತ ಯಾರಾದ್ರೂ ಬರೀತಾರಾ?’

ಮಾಲು ಹಡಗಿನಲ್ಲಿ ಹೋಯಿತು. ಅವರ ಗೋದಾಮು ಸೇರಿತು. ಒಂದು ಇಡೀ ಹಂಗಾಮು ಯಾರೂ ಉಸಿರೆತ್ತಲಿಲ್ಲ. ಅಷ್ಟರಲ್ಲಿ ಆ ಕಡೆ ಕೆಂಪು ಬಟ್ಟೆಯ ಬೇಡಿಕೆ ಬಿದ್ದುಹೋಯಿತು ಎಂದು ಬೇರೆಯವರಿಂದ ಕೇಳಿದೆವು. ಆಮೇಲೆ ಬಂತು ದೂರು, ಬಣ್ಣ ಹೊಂದುತ್ತಿಲ್ಲ, ಹಣ ವಾಪಸ್ ಕೊಡಿ, ನಷ್ಟವನ್ನೂ ಕಟ್ಟಿ.

ದೇಶ ದೇಶಗಳ ನಡುವಿನ ಮಾರಾಟಕ್ಕೆಂದೇ ಹಲವು ದೇಶಗಳು ಒಪ್ಪಿಕೊಂಡ ಒಂದು ಕಾನೂನು ಇದೆ ಎಂದು ನನಗೆ ಮೊದಲು ಹೇಳಿದವಳು ನೀನೇ. ಆ ಪುಸ್ತಕ ತರಿಸಿಕೊಂಡು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಒಂದು ಪುಟಕ್ಕೆ ಒಂದು ವಾರ ಹಿಡಿದದ್ದೂ ಉಂಟು. ಕೊಂಡವನು ಮಾಲನ್ನು ಆದಷ್ಟು ಬೇಗ ಪರೀಕ್ಷೆ ಮಾಡಬೇಕು, ದೋಷ ಕಂಡರೆ ಸಕಾಲದಲ್ಲಿ ತಿಳಿಸಬೇಕು, ತಿಳಿಸದಿದ್ದರೆ ದೂರುವ ಹಕ್ಕು ಹೋಯಿತು. ವ್ಯಾಪಾರದಲ್ಲಿ ಎಲ್ಲರೂ ನಡೆಸಿಕೊಂಡು ಬಂದ ರೂಢಿಯನ್ನೂ ಕರಾರಿನ ಭಾಗ ಎಂದೇ ಹಿಡಿಯಬೇಕು. ಓದಿ ಮುಗಿಸಿದ ದಿನ ನಿನ್ನ ಅಮ್ಮನನ್ನು ಕರೆದು, ‘ನೋಡೇ, ಇದನ್ನ ಬರೆದೋನು ಯಾರೋ ಒಂದು ದಿನ ನಮ್ಮ ಹಂಗೆ ಕೈ ಸುಟ್ಕೊಂಡೋನು’ ಅಂದೆ. ನಮ್ಮ ಕಡೆ ನ್ಯಾಯವಿದೆ ಎಂಬ ಧೈರ್ಯ ಬಂತು. ಪಾಪ, ನ್ಯಾಯ ಪುಸ್ತಕದಲ್ಲಿತ್ತು.

ಕರಾರಿನಂತೆ ಜಗಳ ಮಧ್ಯಸ್ಥಿಕೆಗೆ ಹೋಯಿತು. ತೀರ್ಪುಗಾರರಾಗಿ ಅವರು ಒಬ್ಬರನ್ನು ಆರಿಸಿದರು, ನಾವು ಒಬ್ಬರನ್ನು ಆರಿಸಿದೆವು, ಆ ಇಬ್ಬರೂ ಸೇರಿ ಮೂರನೆಯವರ ಹೆಸರು ಮುಂದಿಟ್ಟರು. ಆ ಮೂರನೆಯವರು ‘ನನಗೂ ಈ ಎರಡು ಕಡೆಯವರಿಗೂ ಯಾವ ಸಂಬಂಧವೂ ಇಲ್ಲ’ ಎಂದು ಬರೆದು ಸಹಿ ಹಾಕಿ ಕೊಟ್ಟರು. ಆಕ್ಷೇಪಣೆ ಇದ್ದರೆ ಹೇಳಿ ಎಂದು ನಮಗೆ ಸಮಯ ಕೊಟ್ಟರು. ಆ ಸಮಯದಲ್ಲಿ ನಾನು ನಿನಗೆ ಫೋನು ಮಾಡಿದೆ, ನೆನಪಿದೆಯಲ್ಲ. ‘ಈ ಹೆಸರು ಕೇಳಿದೀಯೇನೆ, ಮನುಷ್ಯ ಹೇಗೆ?’ ಅಂದೆ. ನೀನು ಎದ್ದು ಬಾಗಿಲು ಹಾಕಿದ ಸದ್ದು ಕೇಳಿತು. ಆಫೀಸಿನಲ್ಲಿ ಯಾರೋ ಬಂದಿರಬೇಕು ಅಂದುಕೊಂಡೆ. ಆಮೇಲೆ, ‘ತುಂಬಾ ದೊಡ್ಡ ಹೆಸರು ದೊಡ್ಡಮ್ಮ, ಕಣ್ಣು ಮುಚ್ಕೊಂಡು ಒಪ್ಕೋ’ ಅಂದೆ.

ನಾನು ಕಣ್ಣು ಮುಚ್ಚಿಕೊಂಡು ಒಪ್ಪಿದೆ.

ವಿಚಾರಣೆ ನಡೆದದ್ದು ಯಾರ ಊರೂ ಅಲ್ಲದ ಊರಿನ ಒಂದು ಹೋಟೆಲಿನಲ್ಲಿ. ದಪ್ಪ ಪರದೆ, ಹಳದಿ ದೀಪ, ಕಾಲು ಹೂತುಹೋಗುವಂಥ ನೆಲಹಾಸು. ಅಧ್ಯಕ್ಷರು ಬಹಳ ಮರ್ಯಾದಸ್ಥರು, ನನಗೆ ತಾವೇ ನೀರು ಬಗ್ಗಿಸಿಕೊಟ್ಟರು, ಕುರ್ಚಿಯ ಹಿಂದೆ ದಿಂಬು ಇಡಿಸಿದರು. ಕೊಂಡವರ ಕಡೆಯ ಪರಿಣತರು ಬಣ್ಣ ಅಳೆಯುವ ಒಂದು ಪೆಟ್ಟಿಗೆಯಂಥ ಯಂತ್ರ ತಂದು ಬೆಳಗಿನಿಂದ ಸಂಜೆಯವರೆಗೆ ಮಾತಾಡಿದರು. ಮಾರನೆಯ ದಿನ ಊಟದ ನಂತರ ನಮ್ಮ ಮೇಸ್ತ್ರಿಯ ಸರದಿ. ಪ್ರಯಾಣದ ಖರ್ಚಿಗೆ ಹೆದರಿ ಅವನನ್ನು ಇಲ್ಲಿಂದಲೇ ತೆರೆಯ ಮೇಲೆ ತೋರಿಸಿದ್ದೆವು. ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಮದುವೆಗೆ ಹೆಣ್ಣು ನೋಡಲು ಬಂದವನ ಹಾಗೆ ಕೂತಿದ್ದ. ಅವನು ಕಿಟಕಿಯ ಮಾತು ಎತ್ತುತ್ತಿದ್ದಂತೆ ಅಧ್ಯಕ್ಷರು ಗಡಿಯಾರ ನೋಡಿ, ವಿಷಯ ಅರ್ಥವಾಯಿತು, ವಂದನೆಗಳು ಎಂದರು. ನಾನು ವಾಪಸ್ ಬಂದಾಗ ಅವನು ಅಂದ: ‘ಅಮ್ಮಾ, ನನ್ನ ಮಾತು ಇನ್ನೂ ಲಡಿ ಬಿಚ್ಚೇ ಇರ್ಲಿಲ್ಲ, ಅಷ್ಟ್ರಲ್ಲೇ ಕತ್ತರಿ ಹಾಕ್ಬಿಟ್ರಲ್ಲ.’

ನಾನೂ ಒಂದು ಸಲ ಬಾಯಿ ತೆರೆದೆ. ಆ ಪರದೆ ಸರಿಸಿ, ಎರಡು ಲಡಿಗಳನ್ನೂ ಹಗಲಿನ ಬೆಳಕಿಗೆ ಹಿಡಿದು ನೀವೇ ನೋಡಿ ಎಂದು ನಮ್ಮ ವಕೀಲರ ಮೂಲಕ ಕೇಳಿಸಿದೆ. ಕಿಟಕಿ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅಧ್ಯಕ್ಷರು ನನ್ನತ್ತ ತಿರುಗಿ ನಕ್ಕು, ಮೊದಲೇ ಗೊತ್ತುಮಾಡಿದ ಕಾರ್ಯಕ್ರಮದಲ್ಲಿ ಅದು ಇಲ್ಲವಲ್ಲ ತಾಯಿ, ಎಂದರು. ನಾವು ಆರಿಸಿದ್ದ ತೀರ್ಪುಗಾರರು ಮಾತ್ರ, ನೋಡಿದರೆ ತಪ್ಪೇನು, ಎಂದರು. ಅವರ ಮಾತು ಅಲ್ಲೇ ಬಿತ್ತು.

ತೀರ್ಪು ನಿನಗೆ ಗೊತ್ತೇ ಇದೆ. ಇಬ್ಬರು ಆ ಕಡೆ, ಒಬ್ಬರು ಈ ಕಡೆ. ಬಟ್ಟೆ ನೇಯ್ದು ಅಂಗಡಿಯಲ್ಲಿ ತೂಗುಹಾಕಿದ ಮೇಲೆಯೇ ದೋಷ ಕಾಣುವಂಥದ್ದು, ಆದ್ದರಿಂದ ದೂರು ತಡವಾಗಿಲ್ಲವಂತೆ. ಕಿಟಕಿಯ ರೂಢಿಗೆ ಸಾಕಷ್ಟು ಸಾಕ್ಷ್ಯ ಬರಲಿಲ್ಲವಂತೆ. ಸಾಕ್ಷ್ಯದ ಬಾಯಿ ಮುಚ್ಚಿಸಿ ಸಾಕ್ಷ್ಯ ಬರಲಿಲ್ಲ ಅನ್ನುವುದು ಎಂಥಾ ಚಂದ.

ಒಂದು ಮಾತು ನಿಜ ಹೇಳುತ್ತೇನೆ. ಯಾರ ಹಂಗಿನಲ್ಲೂ ಇಲ್ಲದ ಮೂರು ಜನ ಕೂತು, ಮೇಸ್ತ್ರಿಯ ಮಾತು ಪೂರ್ತಿ ಕೇಳಿ, ಕಿಟಕಿಯ ಹತ್ತಿರ ಹೋಗಿ ನೋಡಿ, ಆಮೇಲೂ ನೀವು ಸೋತಿರಿ ಅಂದಿದ್ದರೆ ನಾನು ಸೋಲನ್ನು ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದೆ. ಬೆಳಕಿನ ಮಾತು ಬರೆಯದೆ ಬಿಟ್ಟದ್ದು ನಾವೇ ತಾನೇ. ಅಂಗಡಿಗೆ ಬಂದ ಗಿರಾಕಿ ಬಟ್ಟೆಯನ್ನು ಕಿಟಕಿಗೆ ಹೊತ್ತುಕೊಂಡು ಹೋಗುತ್ತಾಳೇನು ಎಂದು ಅವರ ವಕೀಲರು ಕೇಳಿದಾಗ ಅದೂ ಸರಿಯೇ ಅನ್ನಿಸಿತು ನನಗೆ. ವ್ಯಾಪಾರದಲ್ಲಿ ಸೋತವರು ನಾವೇ ಮೊದಲಲ್ಲ. ನನಗೆ ಬೇಕಾಗಿದ್ದದ್ದು ಗೆಲುವೇ ಆಗಬೇಕೆಂದಿರಲಿಲ್ಲ ಕಣೇ. ನಮ್ಮನ್ನೂ ಕೇಳಿದರು ಅನ್ನಿಸಬೇಕಿತ್ತು.

ಈಗ ನಿನ್ನ ವಿಷಯ. ಕಕ್ಷಿದಾರರ ಗುಟ್ಟು ಹೊರಗೆ ಹಾಕಬಾರದು ಎಂಬುದು ನಿಮ್ಮ ವೃತ್ತಿಯ ನೇಮ. ಒಪ್ಪಿದೆ. ಬಾಯಿ ಬಿಟ್ಟಿದ್ದರೆ ನಿನ್ನ ಕೆಲಸ ಹೋಗುತ್ತಿತ್ತು. ಅದನ್ನೂ ಒಪ್ಪಿದೆ. ಆಗ ನಿನ್ನನ್ನು ಆಫೀಸಿನಲ್ಲಿ ಪಾಲುದಾರಳನ್ನಾಗಿ ಮಾಡುವ ಮಾತು ನಡೆದಿತ್ತು ಎಂದು ಅಮ್ಮ ಹೇಳಿದಳು. ನಿನಗೆ ಅದು ಬಾಯಲ್ಲಿಟ್ಟ ಬಿಸಿ ತುಪ್ಪ. ಆದರೆ ವಕೀಲಮ್ಮಾ, ‘ದೊಡ್ಡಮ್ಮ, ಇದೊಂದನ್ನ ನನ್ನ ಕೇಳಬೇಡ’ ಅಂದಿದ್ದರೆ ಸಾಕಾಗಿತ್ತು. ಯಾವ ಗುಟ್ಟೂ ಹೊರಬೀಳುತ್ತಿರಲಿಲ್ಲ. ನಾನೇನು ಎಳೆ ಕೂಸೇ? ಆ ಒಂದು ಮಾತಿಗೇ ಎಚ್ಚರಾಗಿ, ಈ ಮನುಷ್ಯ ಬೇಡ ಎಂದು ಬರೆದುಕೊಡುತ್ತಿದ್ದೆ. ನಿನ್ನ ನೇಮ ನಿನಗೆ ಸುಮ್ಮನಿರು ಅಂದಿತ್ತು, ಅಷ್ಟೇ. ಹೊಗಳು ಅಂದಿರಲಿಲ್ಲ.

ಆ ದೊಡ್ಡ ಮನುಷ್ಯರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅವರು ನನಗೆ ಯಾರು? ಸುಳ್ಳಿಗೆ ಸಹಿ ಹಾಕಿದರು, ಅವರ ಪಾಡು ಅವರಿಗೆ. ನೀನು ನಮ್ಮ ಕೊಪ್ಪರಿಗೆಯ ಹಬೆಯಲ್ಲಿ ಬೆಳೆದವಳು. ಶಾಲೆಗೆ ನೀಲಿ ಬೆರಳು ಹೊತ್ತುಕೊಂಡು ಹೋಗಿ ಬೈಸಿಕೊಂಡು ಬರುತ್ತಿದ್ದವಳು. ಮೇಸ್ತ್ರಿ ಇನ್ನೂ ನಿನ್ನ ಮೇಲೆ ಬೆಟ್ಟದಷ್ಟು ಭರವಸೆ ಇಟ್ಟುಕೊಂಡಿದ್ದ. ‘ನಮ್ಮ ಹುಡುಗಿ ಆ ಕೋಣೇಲಿ ಇದ್ದಿದ್ರೆ ಬಿಡ್ತಿದ್ಲಾ ಅಮ್ಮಾ’ ಎಂದು ವಾರಕ್ಕೊಂದು ಸಲ ಅನ್ನುತ್ತಿದ್ದ. ನಾನು ಹೌದಪ್ಪಾ ಅನ್ನುತ್ತಿದ್ದೆ.

ಮೊನ್ನೆ ಈ ಜಾಗ ಕೊಳ್ಳಲು ನೋಡುವವರು ಇಬ್ಬರು ಬಂದು ಬಾಯ್ಲರು ಅಳತೆ ಮಾಡಿಕೊಂಡು ಹೋದರು. ಒಣಹಾಕುವ ಅಂಗಳ ಗಾಡಿ ನಿಲ್ಲಿಸಲು ಚೆನ್ನಾಗಿದೆ ಎಂದು ಮಾತಾಡಿಕೊಂಡರು. ಕೆಲಸದವರಲ್ಲಿ ಅರ್ಧ ಜನ ಬೇರೆ ಕಡೆ ಹೋದರು, ಉಳಿದವರು ಹೋಗಲು ಜಾಗವಿಲ್ಲದವರು. ತೀರ್ಪು ಹಾಗೇ ಉಳಿದರೆ ಈ ಮನೆ, ಈ ಕೆಲಸ ಎರಡೂ ಅದರ ಹೊಟ್ಟೆಗೆ. ತೀರ್ಪು ರದ್ದಾಗಬೇಕಾದರೆ ಆ ಸಂಬಂಧ ಗೊತ್ತಿದ್ದವರು ಬಾಯಿ ಬಿಡಬೇಕು, ಇಲ್ಲದಿದ್ದರೆ ಅರ್ಜಿ ಎಂಬುದು ಗಾಳಿಗೆ ಗುದ್ದಿದ ಹಾಗೆ ಎಂದು ನಮ್ಮ ವಕೀಲರು ಹೇಳುತ್ತಾರೆ. ಅಂಥವರು ನಮ್ಮ ಕಡೆಗೆ ನೀನೊಬ್ಬಳೇ.

ತೀರ್ಪಿನ ನಂತರ ನೀನು ನನ್ನ ಬ್ಯಾಂಕಿಗೆ ಹಾಕಿದ ಹಣವನ್ನು ವಾಪಸ್ ಕಳಿಸಿದ್ದೇನೆ. ಕೋಪದಿಂದಲ್ಲ. ಅದು ಯಾವುದರ ಬೆಲೆ ಎಂದು ನೀನೂ ಹೇಳಲಿಲ್ಲ, ನಾನೂ ಕೇಳುವುದಿಲ್ಲ. ಇಟ್ಟುಕೊಂಡರೆ ಕೇಳಬೇಕಾಗುತ್ತದೆ.

ಕೆಮ್ಮು ಹೋಯಿತೇ? ರಾತ್ರಿ ತಣ್ಣೀರು ಕುಡಿಯಬೇಡ. ಮನೆಗೆ ಬರಬೇಕು ಅನ್ನಿಸಿದರೆ ಬಾ, ಮಹಡಿಯ ಕೋಣೆಯನ್ನು ಯಾರಿಗೂ ಕೊಟ್ಟಿಲ್ಲ. ಮನೆ ನಮ್ಮದಾಗಿರುವವರೆಗೆ ಅದು ನಿನ್ನದೇ.

ನಿನ್ನನ್ನು ಎತ್ತಿ ಆಡಿಸಿದ,
ದೊಡ್ಡಮ್ಮ

ತಾ.ಕ.: ಅರ್ಜಿ ನಿನ್ನೆಯೇ ನ್ಯಾಯಾಲಯಕ್ಕೆ ಹೋಯಿತು. ಸಾಕ್ಷಿಯೆಂದು ನಿನ್ನನ್ನು ಕರೆಸಿ ಎಂದು ಅದರಲ್ಲಿ ಕೇಳಿದ್ದೇವೆ. ನೋಟೀಸು ಆಫೀಸಿಗೆ ಬೇಡ, ಎಲ್ಲರೆದುರು ಮಗುವಿಗೆ ಅವಮಾನವಾಗುತ್ತದೆ ಎಂದು ಅಮ್ಮ ಹಟ ಹಿಡಿದಳು, ಅದಕ್ಕೆ ನಿನ್ನ ಮನೆಯ ವಿಳಾಸ ಕೊಟ್ಟಿದ್ದೇವೆ. ಅರ್ಜಿಯ ಜೊತೆಗೆ ಹೋದ ಪ್ರಮಾಣಪತ್ರ ಅವಳದೇ, ನೀನು ಅವಳಿಗೆ ಹೇಳಿದ್ದೆಲ್ಲ ಅದರಲ್ಲಿದೆ. ವಕೀಲರು ಓದಿ ಹೇಳಿದಾಗ ಅವಳು, ‘ಅಳ್ತಾ ಹೇಳಿದ್ಲು ಅನ್ನೋದನ್ನೂ ಬರೀರಿ’ ಅಂದಳು. ಅದು ಕೇಸಿಗೆ ಬೇಕಾಗಿಲ್ಲಮ್ಮ ಅಂದರು ಅವರು. ಹಾಗಾದರೆ ಸಹಿ ಹಾಕುವುದಿಲ್ಲ ಎಂದು ಪೆನ್ನು ಕೆಳಗಿಟ್ಟಳು. ಬರೆದರು. ಎರಡನೆಯ ಪುಟದಲ್ಲಿದೆ.